ಡಬ್ಲಿನ್‌ನಲ್ಲಿರುವ ಮಗಳಿಗೊಂದು ಪತ್ರ

ಮೈಸೂರು

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾನೂ ಅಪ್ಪನೂ ಕ್ಷೇಮವಾಗಿದ್ದೇವೆ. ಭಾನುವಾರ ಫೋನಿನಲ್ಲಿ ನೀನು ಹೇಳಿದ ಸಂಗತಿ ಅಂದಿನಿಂದ ನನ್ನ ಮನಸ್ಸಿನಲ್ಲೇ ಕುಳಿತಿದೆ. ಒಂದೂವರೆ ವರ್ಷ ಆಸೆ ತೋರಿಸಿದ ಕಂಪನಿಯವರು ನಿಮ್ಮ ತಂಡದ ಹಾಡುಗಳನ್ನು ಹೊರತರುವುದಿಲ್ಲವೆಂದು ಎರಡು ಸಾಲಿನಲ್ಲಿ ತಿಳಿಸಿದರೆಂದೂ, ಆ ದಿನದಿಂದ ನೀನು ಪಿಟೀಲಿನ ಪೆಟ್ಟಿಗೆಯನ್ನೇ ತೆರೆದಿಲ್ಲವೆಂದೂ ಹೇಳಿದೆ. ಆಗ ನನಗೆ ಮಾತು ಹೊರಡಲಿಲ್ಲ. ಈಗ ಬರೆಯುತ್ತಿದ್ದೇನೆ, ನೀನೇ ನನಗೆ ಪರಿಚಯಿಸಿದ, ನೀನಿರುವ ಊರಿನದೇ ಆದ ದಿ ಫ್ರೇಮ್ಸ್ ಎಂಬ ರಾಕ್ ತಂಡದ ಕುರಿತು ಬರೆಯುತ್ತಿದ್ದೇನೆ.

ನಾವು ಅಲ್ಲಿಗೆ ಬಂದಿದ್ದಾಗ ಗ್ರಾಫ್ಟನ್ ಬೀದಿಯಲ್ಲಿ ಒಬ್ಬ ಹುಡುಗ ಹಾಡುತ್ತಿದ್ದುದು ನೆನಪಿದೆಯೆ? ತೆರೆದಿಟ್ಟ ಗಿಟಾರ್ ಪೆಟ್ಟಿಗೆಯಲ್ಲಿ ಚಿಲ್ಲರೆಯ ನಡುವೆ ಒಂದೇ ಒಂದು ಐದು ಯೂರೋ ನೋಟು ಇತ್ತು. ಗಾಳಿಗೆ ಹಾರದಿರಲೆಂದು ಅದರ ಮೇಲೆ ಸಣ್ಣ ಕಲ್ಲೊಂದನ್ನು ಇಟ್ಟಿದ್ದ. ಆ ತಂಡ ಕಟ್ಟಿದ ಹಾಡುಗಾರ ಗ್ಲೆನ್ ಹ್ಯಾನ್ಸರ್ಡ್ ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಹಾಡಲು ಬಂದು ನಿಂತದ್ದು ಇದೇ ಬೀದಿಯಲ್ಲಿ ಎಂದು ನೀನು ಆಗ ಹೇಳಿದ್ದೆ. ಅವರು ಗೆಳೆಯರ ಸೈಕಲ್‌ಗಳನ್ನು ರಿಪೇರಿ ಮಾಡುತ್ತಿದ್ದುದರಿಂದ ಮನೆಯ ಸುತ್ತ ಸೈಕಲ್ ಫ್ರೇಮುಗಳು ಬಿದ್ದಿರುತ್ತಿದ್ದವೆಂದೂ, ತಂಡದ ಹೆಸರು ಹುಟ್ಟಿದ್ದು ಅಲ್ಲಿಂದಲೇ ಎಂದೂ ಹೇಳುತ್ತಾರೆ.

1990ರಲ್ಲಿ ಕಟ್ಟಿದ ಆ ತಂಡಕ್ಕೆ ಆರಂಭದಲ್ಲೇ ಐಲ್ಯಾಂಡ್ ರೆಕಾರ್ಡ್ಸ್‌ನಂಥ ದೊಡ್ಡ ಕಂಪನಿಯ ಕರಾರು ಸಿಕ್ಕಿತು. 1991ರಲ್ಲಿ ತೆರೆಕಂಡ ಅಲನ್ ಪಾರ್ಕರ್ ಅವರ 'ದಿ ಕಮಿಟ್‌ಮೆಂಟ್ಸ್' ಚಿತ್ರದಲ್ಲಿ ಹ್ಯಾನ್ಸರ್ಡ್ ಗಿಟಾರ್ ವಾದಕನ ಪಾತ್ರ ಮಾಡಿದ್ದರು. ಅದರಿಂದ ಮುಖಪರಿಚಯವಾಯಿತೇ ಹೊರತು ತಂಡಕ್ಕೆ ಲಾಭವೇನೂ ಆಗಲಿಲ್ಲ, ಬದಲಿಗೆ ಅದು ತಮ್ಮ ಸಂಗೀತದಿಂದ ಗಮನವನ್ನು ಬೇರೆಡೆಗೆ ಸೆಳೆಯಿತೆಂದು ಅವರೇ ಮುಂದೆ ಪರಿತಪಿಸಿದ್ದಾರೆ. ಮೊದಲ ಆಲ್ಬಮ್ ಬಂದ ಮೇಲೆ ಐಲ್ಯಾಂಡ್ ಅವರನ್ನು ಕೈಬಿಟ್ಟಿತು. ನಂತರ ನಿರ್ಮಾಪಕ ಟ್ರೆವರ್ ಹಾರ್ನ್ ಅವರ ಝಡ್‌ಟಿಟಿ ಕಂಪನಿ ಕೈಹಿಡಿಯಿತು. ಆ ಕಾಲದ ಆಲ್ಬಮ್‌ಗೆ ಅವರಿಟ್ಟ ಹೆಸರು 'ಫಿಟ್ಸ್‌ಕರಾಲ್ಡೋ'. ಅದು ಆವಿಹಡಗೊಂದನ್ನು ಗುಡ್ಡದ ಮೇಲಿನಿಂದ ಎಳೆದು ದಾಟಿಸಲು ಹೊರಟವನ ಕಥೆಯುಳ್ಳ ವರ್ನರ್ ಹರ್ಜೋಗ್ ಅವರ ಚಿತ್ರದ ಹೆಸರು. ಒಮ್ಮೆ ಕೆಳಗೆ ಬಿದ್ದು ಎದ್ದ ತಂಡವೊಂದು ಆ ಹೆಸರನ್ನೇ ಆರಿಸಿಕೊಂಡದ್ದನ್ನು ನೆನೆದರೆ ನನಗೆ ಕರುಳು ಚುರುಕ್ಕೆನ್ನುತ್ತದೆ. 1999ರಲ್ಲಿ ಇನ್ನೊಂದು ಆಲ್ಬಮ್ ಬಂತು, ಆಮೇಲೆ ಆ ಸಂಬಂಧವೂ ಮುರಿಯಿತು. ಹತ್ತು ವರ್ಷ ತುಂಬುವ ಹೊತ್ತಿಗೆ ಎರಡು ಕಂಪನಿಗಳು ಬಂದು ಹೋಗಿದ್ದವು.

ಪುಟ್ಟಿ, ನಾನು ನಿನಗೆ ಹೇಳಬೇಕೆಂದಿರುವುದು ಇದರ ಮುಂದಿನ ಎರಡು ವರ್ಷದ ಕಥೆ. ಕರಾರಿಲ್ಲದೆ, ಮೇಲೆ ಅಪ್ಪಣೆ ಕೊಡುವವರಿಲ್ಲದೆ, ಅವರು 2001ರಲ್ಲಿ ತಮ್ಮದೇ ಪ್ಲಾಟೋ ಎಂಬ ಪುಟ್ಟ ರೆಕಾರ್ಡ್ ಕಂಪನಿಯಿಂದ 'ಫಾರ್ ದ ಬರ್ಡ್ಸ್' ಹೊರತಂದರು. ಅದರ ಒಂದು ಭಾಗವನ್ನು ಶಿಕಾಗೋದಲ್ಲಿ ಧ್ವನಿಮುದ್ರಿಸಿದವರು ಸ್ಟೀವ್ ಆಲ್ಬಿನಿ. ಮುದ್ರಿಸಿಕೊಟ್ಟ ಹಾಡುಗಳಿಂದ ರಾಯಲ್ಟಿ ಪಡೆಯುವುದು ತಪ್ಪೆಂದು ನಂಬಿ, ಮಾಡಿದ ಕೆಲಸಕ್ಕೆ ಕೂಲಿಯನ್ನಷ್ಟೇ ತೆಗೆದುಕೊಳ್ಳುತ್ತಿದ್ದ, ಕೋಣೆಯಲ್ಲಿ ನುಡಿಸಿದ್ದನ್ನು ಇದ್ದ ಹಾಗೆಯೇ ಹಿಡಿದಿಡುತ್ತಿದ್ದ ಮನುಷ್ಯ ಅವರು. ಆ ಆಲ್ಬಮ್ ಕೇಳುವಾಗ ಯಾರನ್ನೂ ಒಲಿಸಿಕೊಳ್ಳುವ ಆತುರ ನನ್ನ ಕಿವಿಗೆ ಕೇಳಿಸುವುದಿಲ್ಲ. ಅವರ ಆಲ್ಬಮ್‌ಗಳಲ್ಲೆಲ್ಲ ಅದೇ ಶ್ರೇಷ್ಠವೆಂದು ನಾನು ತಿಳಿದಿದ್ದೇನೆ. ಕಂಪನಿಯ ಕಾಗದ ಕೈಯಲ್ಲಿದ್ದಾಗ ಬಾರದ ನೆಮ್ಮದಿ ಅದಿಲ್ಲದಾಗ ಅವರ ಸಂಗೀತಕ್ಕೆ ಬಂದಿದೆ.

ಅಷ್ಟು ವರ್ಷ ಅವರನ್ನು ಉಳಿಸಿದ್ದು ಎದುರಿಗೆ ಕುಳಿತು ಕೇಳುವ ಜನ. ಡಬ್ಲಿನ್‌ನ ವಿಕರ್ ಸ್ಟ್ರೀಟ್ ಸಭಾಂಗಣದಲ್ಲಿ ಮುದ್ರಿಸಿ 2003ರಲ್ಲಿ ಹೊರತಂದ 'ಸೆಟ್ ಲಿಸ್ಟ್' ಅನ್ನು ನಾನು ಈ ವಾರ ಮೂರು ಸಲ ಕೇಳಿದೆ. ತಂಡದ ಕೋಲ್ಮ್ ಮ್ಯಾಕ್ ಕಾನ್ ಇಯೊಮೈರ್ ಅವರ ಪಿಟೀಲು ನಮ್ಮ ಪಕ್ಕವಾದ್ಯದಂತೆ ಹಾಡುಗಾರನ ಬೆನ್ನು ಹತ್ತುವುದಿಲ್ಲ. ಒಂದು ಸ್ವರವನ್ನು ಉದ್ದ ಕಮಾನಿನಲ್ಲಿ ಹಿಡಿದು ನಿಲ್ಲುತ್ತದೆ, ಅದರ ಮೇಲೆ ದನಿ ಏರುತ್ತದೆ, ಮತ್ತೆ ನೋಡಿದರೆ ಸಭೆಯೇ ಹಾಡುತ್ತಿರುತ್ತದೆ. ಪ್ರತಿ ಸಾಲೂ ಬಾಯಿಗೆ ಬರುವಂಥ ಕೇಳುಗರನ್ನು ಜಾಹೀರಾತು ಕೊಟ್ಟು ಸಂಪಾದಿಸಲಾಗದು. 2004ರಲ್ಲಿ 'ಬರ್ನ್ ದ ಮ್ಯಾಪ್ಸ್' ಐರ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದಾಗ ತಂಡಕ್ಕೆ ಹದಿನಾಲ್ಕು ವರ್ಷ ತುಂಬಿತ್ತು.

ಆಸ್ಕರ್‌ನ ಕಥೆ ನಿನಗೆ ಗೊತ್ತೇ ಇದೆ. ಒಂದು ಕಾಲಕ್ಕೆ ತಂಡದಲ್ಲಿ ಬೇಸ್ ಗಿಟಾರ್ ನುಡಿಸಿ ಬಿಟ್ಟುಹೋಗಿದ್ದ ಜಾನ್ ಕಾರ್ನಿ ಹದಿನೇಳು ದಿನದಲ್ಲಿ, ಬಹಳ ಕಡಿಮೆ ಹಣದಲ್ಲಿ 'ಒನ್ಸ್' ಚಿತ್ರ ತೆಗೆದರು. ಅದರ ಆರಂಭವೇ ಗ್ರಾಫ್ಟನ್ ಬೀದಿಯ ಹಾಡುಗಾರನಿಂದ. 2008ರ ಫೆಬ್ರವರಿಯಲ್ಲಿ ಆ ಚಿತ್ರದ 'ಫಾಲಿಂಗ್ ಸ್ಲೋಲಿ' ಹಾಡಿಗೆ ಹ್ಯಾನ್ಸರ್ಡ್ ಮತ್ತು ಚೆಕ್ ಹುಡುಗಿ ಮಾರ್ಕೆಟಾ ಇರ್ಗ್ಲೋವಾ ಪ್ರಶಸ್ತಿ ಪಡೆದರು. ಹತ್ತೊಂಬತ್ತರ ಆ ಹುಡುಗಿ ಮಾತು ಆರಂಭಿಸುವ ಮೊದಲೇ ಸಂಗೀತ ನುಡಿಸಿ ಅವಳನ್ನು ತಡೆದಿದ್ದರು. ನಿರೂಪಕ ಜಾನ್ ಸ್ಟೀವರ್ಟ್ ವಿರಾಮದ ನಂತರ ಅವಳನ್ನು ಮತ್ತೆ ವೇದಿಕೆಗೆ ಕರೆತಂದು ಮಾತನಾಡಿಸಿದ ದೃಶ್ಯವನ್ನು ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಆದರೆ ಪಿಟೀಲಿನವಳಾದ ನನ್ನ ಮನಸ್ಸು ಆ ರಾತ್ರಿ ಹುಡುಕುವುದು ಕೋಲ್ಮ್ ಅವರನ್ನು. ಅಷ್ಟು ವರ್ಷ ಒಟ್ಟಿಗೆ ನುಡಿಸಿದ ತಂಡದ ಹೆಸರಿಗೆ ಆ ಪ್ರಶಸ್ತಿ ಬರಲಿಲ್ಲ. ಹಾಗೆಂದು ತಂಡದವರು ದೂರವಾಗಲಿಲ್ಲ. ಆ ಜೋಡಿ ದಿ ಸ್ವೆಲ್ ಸೀಸನ್ ಎಂಬ ಹೆಸರಿನಲ್ಲಿ ಊರೂರು ಸುತ್ತಿದಾಗ ಬೆನ್ನಿಗೆ ನಿಂತು ನುಡಿಸಿದವರು ಫ್ರೇಮ್ಸ್‌ನವರೇ. 2006ರ 'ದ ಕಾಸ್ಟ್' ಆದ ಮೇಲೆ ದಶಕ ಕಳೆದರೂ ಅವರ ಹೊಸ ಸ್ಟುಡಿಯೋ ಆಲ್ಬಮ್ ಬರಲಿಲ್ಲವಾದರೂ, 2015ರಲ್ಲಿ ಇಪ್ಪತ್ತೈದು ವರ್ಷ ತುಂಬಿದಾಗ ಮತ್ತೆ ಒಂದೇ ವೇದಿಕೆ ಹತ್ತಿದರು.

ನಿನಗೆ ಎಂದೂ ಹೇಳಿರದ ಒಂದು ಮಾತಿದೆ. ನನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕರಪತ್ರದಲ್ಲಿ ನನ್ನ ಹೆಸರು ಅಚ್ಚಾಗಿದ್ದ ಕಛೇರಿಗೆ ಹಿಂದಿನ ದಿನ ಬೇರೆಯವರನ್ನು ಗೊತ್ತು ಮಾಡಿದರು. ಮೂರು ತಿಂಗಳು ನಾನು ಪಿಟೀಲು ಮುಟ್ಟಲಿಲ್ಲ. ಮತ್ತೆ ಹಿಡಿದಾಗ ಬೆರಳ ತುದಿಯ ಗಟ್ಟಿ ಚರ್ಮವೆಲ್ಲ ಮೆತ್ತಗಾಗಿ, ತಂತಿ ಒತ್ತಿದರೆ ಚಿಕ್ಕಂದಿನ ಹಾಗೆ ಉರಿಯುತ್ತಿತ್ತು. ನಿಮ್ಮ ಅಜ್ಜಿ ಏನೂ ಹೇಳದೆ ಪಕ್ಕದಲ್ಲಿ ಕುಳಿತು ತಾಳ ಹಾಕಿದರು.

ಮುಂದಿನ ವಾರ ಪಕ್ಕದ ಮನೆಯವರ ಮಗ ಡಬ್ಲಿನ್‌ಗೆ ಹಿಂದಿರುಗುತ್ತಿದ್ದಾನೆ. ಅವನ ಕೈಯಲ್ಲಿ ಎರಡು ಜೊತೆ ತಂತಿ, ರೋಸಿನ್, ಒಂದು ಡಬ್ಬಿ ಚಟ್ನಿಪುಡಿ ಕಳಿಸುತ್ತಿದ್ದೇನೆ. ಅವರು ಬೇಡವೆಂದ ಆ ನಾಲ್ಕು ಹಾಡುಗಳನ್ನು ನನಗೆ ಕಳಿಸು. ಅಪ್ಪ ಹಳೆಯ ಸ್ಪೀಕರ್‌ಗಳನ್ನು ಈಗಾಗಲೇ ಒರೆಸಿ ಹಾಲಿನಲ್ಲಿ ಇಟ್ಟಿದ್ದಾರೆ.

ಇಂತಿ ನಿನ್ನ ಪ್ರೀತಿಯ
ಅಮ್ಮ