ಮರಗಳ ಸದ್ದಿಗೆ ಧ್ವನಿವರ್ಧಕದ ಅಡ್ಡಿ ಬೇಡ

ಮಾನ್ಯರೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ಕೆಲವು ತಿಂಗಳಿಂದ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಧ್ವನಿವರ್ಧಕಗಳಲ್ಲಿ ಹಾಡು ಹಾಕಲಾಗುತ್ತಿದೆ. ವಾಯುವಿಹಾರಕ್ಕೆ ಬರುವವರಿಗೆ ಮುದ ನೀಡುವುದೇ ಇದರ ಉದ್ದೇಶವೆಂದು ಬಲ್ಲೆ. ಆದರೆ ಆ ಪೆಟ್ಟಿಗೆಗಳನ್ನು ಯಾವ ಅರಳಿಮರಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೋ, ಆ ಮರದ ಸದ್ದನ್ನು ಕೇಳಲೆಂದೇ ನನ್ನಂಥ ಹಲವರು ಇಷ್ಟು ವರ್ಷ ಅದರ ಕಟ್ಟೆಯ ಮೇಲೆ ಕೂರುತ್ತಿದ್ದೆವು.

ಅರಳಿಯ ಎಲೆಗೆ ತೊಟ್ಟು ಉದ್ದ ಮತ್ತು ತೆಳು, ಮೈ ಅಗಲ, ತುದಿ ಬಾಲದಂತೆ ನೀಳ. ಆದ್ದರಿಂದಲೇ ಪಕ್ಕದ ಮಾವಿನಲ್ಲಿ ಒಂದೆಲೆಯೂ ಅಲುಗದಷ್ಟು ಮಂದವಾದ ಗಾಳಿಗೂ ಅರಳಿಯ ಎಲೆಗಳು ಒಂದಕ್ಕೊಂದು ತಾಗಿ, ಹೆಂಚಿನ ಮೇಲೆ ತುಂತುರು ಬಿದ್ದಂತೆ ಸದ್ದು ಮಾಡುತ್ತವೆ. ಸಂಸ್ಕೃತದಲ್ಲಿ ಇದಕ್ಕೆ ‘ಚಲದಲ’, ಅಂದರೆ ಅಲುಗುವ ಎಲೆಯುಳ್ಳದ್ದು, ಎಂಬ ಹೆಸರೇ ಇದೆ. ಕಳೆದ ವಾರ ವಿದ್ಯುತ್ ಇಲ್ಲದೆ ಹಾಡು ನಿಂತಿದ್ದ ಒಂದು ಬೆಳಿಗ್ಗೆ, ಪುಟ್ಟ ಹುಡುಗನೊಬ್ಬ ಆಟ ಬಿಟ್ಟು ಮೇಲೆ ನೋಡುತ್ತ “ಅಜ್ಜಿ, ಮಳೆ ಬಂತಾ?” ಎಂದು ಕೇಳಿದ.

ಬೇಲಿಯುದ್ದಕ್ಕೂ ಇರುವ ಸರ್ವೆ ಮರಗಳ ಸದ್ದು ಬೇರೆಯೇ. ಕರಾವಳಿಯವರು ಅದನ್ನು ಗಾಳಿಮರ ಎನ್ನುತ್ತಾರೆ. ಅದರಲ್ಲಿ ಎಲೆಯಂತೆ ಕಾಣುವುದು ಗೆಣ್ಣುಗೆಣ್ಣಾದ ಹಸಿರು ಕಡ್ಡಿ. ಗಾಳಿ ಆ ಕಡ್ಡಿಗಳನ್ನು ದಾಟುವಾಗ ಹಿಂಬದಿಯಲ್ಲಿ ಸಣ್ಣ ಸುಳಿಗಳು ಒಂದರ ಹಿಂದೊಂದು ಏಳುವುದರಿಂದ, ಬಿಗಿದ ತಂತಿಯಲ್ಲಿ ಆಗುವಂತೆಯೇ ಸುಯ್ಯೆಂಬ ನಾದ ಹುಟ್ಟುತ್ತದೆ, ಗಾಳಿ ಬಿರುಸಾದಷ್ಟೂ ಅದರ ಶ್ರುತಿ ಏರುತ್ತದೆ. ಎಲೆ ಉದುರಿಸಿದ ಬಾಗೆ ಮರದ ಒಣಕಾಯಿಗಳಲ್ಲಿ ಬೀಜ ಗಲಗಲ ಎನ್ನುವುದನ್ನು ಬೇಸಿಗೆಯಲ್ಲಷ್ಟೇ ಕೇಳಬಹುದು; ಈ ವರ್ಷ ಅದನ್ನು ನಾವು ಕೇಳಲೇ ಇಲ್ಲ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಧ್ವನಿವರ್ಧಕ ಬಳಸಲು ಲಿಖಿತ ಅನುಮತಿಯೂ ಬೇಕು. ಇಲ್ಲಿ ಮಿತಿ ಮೀರಿದೆಯೇ ಎಂದು ಅಳೆಯುವ ಸಾಧನ ನನ್ನಲ್ಲಿಲ್ಲ. ಮಿತಿಯೊಳಗೇ ಇದ್ದರೂ ಎಲೆಗಳ ಸದ್ದು ಅದರಡಿ ಮುಳುಗಿಹೋಗುತ್ತದೆ ಎಂಬುದೇ ನನ್ನ ಅಳಲು.

ಹಾಡು ಬೇಕೆನ್ನುವವರಿಗಾಗಿ ಪೆಟ್ಟಿಗೆಗಳನ್ನು ವ್ಯಾಯಾಮದ ಉಪಕರಣಗಳಿರುವ ಮೂಲೆಗೆ ಸ್ಥಳಾಂತರಿಸಿ ಸದ್ದು ತಗ್ಗಿಸಲಿ. ಅರಳಿಮರದ ಮೊಳೆಗಳನ್ನು ಮಾತ್ರ ಸಂಬಂಧಪಟ್ಟವರು ಈ ವಾರವೇ, ತೊಗಟೆಗೆ ಇನ್ನಷ್ಟು ಗಾಯವಾಗದಂತೆ ಕೀಳಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ