ಆ ಹದಿನೆಂಟು ವರ್ಷ ಎಲ್ಲಿ ಹೋಯಿತು?

ಪ್ರೀತಿಯ ತಂಗಿ,

ಅಮೆರಿಕದ ಹಾಸ್ಯನಟಿ ಲೂಸಿಲ್ ಬಾಲ್ ಕುರಿತ ನಿನ್ನ ಲೇಖನವನ್ನು ಎರಡು ಸಲ ಓದಿದೆ, ಜೊತೆಗಿಟ್ಟಿದ್ದ ಚೀಟಿಯನ್ನು ಮೂರು ಸಲ. ಮೂರು ಕಡೆಯಿಂದ ವಾಪಸು ಬಂತು, ಇನ್ನು ಬರೆಯುವುದಿಲ್ಲ ಎಂದಿದ್ದೀಯ. ಪದಮಿತಿ ಎಷ್ಟು, ಯಾವ ಪುರವಣಿಗೆ ಕಳಿಸಬೇಕು ಎಂಬುದನ್ನೆಲ್ಲ ನನ್ನನ್ನು ಕೇಳಬೇಡ. ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ತಕರಾರು ಎರಡನೆಯ ಪುಟದ ಒಂದು ವಾಕ್ಯದ ಮೇಲೆ. ‘1933ರಲ್ಲಿ ಚಿತ್ರರಂಗಕ್ಕೆ ಬಂದ ಅವರು 1951ರಲ್ಲಿ ಐ ಲವ್ ಲೂಸಿ ಧಾರಾವಾಹಿಯಿಂದ ಮನೆಮಾತಾದರು.’

ಹದಿನೆಂಟು ವರ್ಷವನ್ನು ಒಂದೇ ಗುಟುಕಿಗೆ ನುಂಗಿಬಿಟ್ಟೆಯಲ್ಲ!

ಮನೆಮಾತಾಗುವ ಹೊತ್ತಿಗೆ ಆಕೆಗೆ ನಲವತ್ತು. ಅಲ್ಲಿಯವರೆಗೆ? ‘ಟಾಪ್ ಹ್ಯಾಟ್’ ಚಿತ್ರದಲ್ಲಿ ಹೂವಿನಂಗಡಿಯ ಹುಡುಗಿ. ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಜೊತೆ ಒಂದು ಕಿರುಚಿತ್ರ. ಕಡಿಮೆ ಖರ್ಚಿನ ಎಷ್ಟು ಚಿತ್ರಗಳೆಂದರೆ, ‘ಬಿ ಚಿತ್ರಗಳ ರಾಣಿ’ ಎಂದು ಕರೆದರು. ಹೊಗಳಿಕೆಯೋ ಅಣಕವೋ, ನೀನೇ ಹೇಳು. ಎಂಜಿಎಂ ಸ್ಟುಡಿಯೊದಲ್ಲಿ ಕೂದಲು ಕೆಂಪಗಾಯಿತು, ಅದೃಷ್ಟ ಹಾಗೇ ಉಳಿಯಿತು. ಆದರೆ ಅಲ್ಲಿ ಬಸ್ಟರ್ ಕೀಟನ್ ಇದ್ದ. ಮೂಕಿ ಚಿತ್ರಗಳ ಆ ದೊರೆ ಆ ಹೊತ್ತಿಗೆ ಮೂಲೆಗುಂಪಾಗಿದ್ದ. ಕೈಯಲ್ಲಿರುವ ವಸ್ತುವಿನಿಂದ ನಗೆ ಹುಟ್ಟಿಸುವುದು ಹೇಗೆಂದು ಆಕೆಗೆ ಹೇಳಿಕೊಟ್ಟವನು ಅವನು.

1952ರ ಕಂತೊಂದರಲ್ಲಿ ಕಾರ್ಖಾನೆಯ ಬೆಲ್ಟಿನ ವೇಗ ಏರುತ್ತಿದ್ದಂತೆ ಚಾಕೊಲೇಟನ್ನು ಬಾಯಿಗೆ, ಟೋಪಿಗೆ, ಅಂಗಿಯೊಳಕ್ಕೆ ತುರುಕಿಕೊಳ್ಳುತ್ತಾಳಲ್ಲ, ಅದನ್ನು ನೀನು ‘ಸಹಜ ಪ್ರತಿಭೆ’ ಎಂದು ಬರೆದಿದ್ದೀಯ. ಸಹಜವಂತೆ! ದಿನಗಟ್ಟಲೆ ತಾಲೀಮು ಮಾಡಿ, ಮೂರು ಕ್ಯಾಮೆರಾಗಳಿಗೂ ಎದುರು ಕುಳಿತ ಜನಕ್ಕೂ ಒಟ್ಟಿಗೇ ಆಡಿ ತೋರಿಸುತ್ತಿದ್ದವಳು ಆಕೆ. ಕ್ಯೂಬಾದಿಂದ ಬಂದ ಗಂಡ ದೇಸಿ ಆರ್ನಾಜ್‌ನನ್ನು ತೆರೆಯ ಮೇಲೂ ಆಕೆಯ ಗಂಡನಾಗಿ ಅಮೆರಿಕದ ಪ್ರೇಕ್ಷಕರು ಒಪ್ಪುವುದಿಲ್ಲವೆಂದು ಟಿವಿ ವಾಹಿನಿ ಸಿಬಿಎಸ್ ಅನುಮಾನಿಸಿದಾಗ, 1950ರಲ್ಲಿ ಇಬ್ಬರೂ ಊರೂರು ತಿರುಗಿ ರಂಗದ ಮೇಲೆ ಆಡಿದರು.

ಊರೂರು ಎಂದಾಗ ನನಗೊಂದು ಹಳೆಯ ಮುಳ್ಳು ಚುಚ್ಚುತ್ತದೆ. ಮೂವತ್ತು ವರ್ಷದ ಹಿಂದೆ ಕಂಪನಿ ನಾಟಕದ ಹಿರಿಯ ನಟಿಯೊಬ್ಬರ ಬಗ್ಗೆ ಬರೆದೆ. ಕಂಪನಿ ಮುಚ್ಚಿದ ಮೇಲೆ ಬೀಡಿ ಕಟ್ಟಿದ ಏಳು ವರ್ಷಗಳ ಕಥೆಯನ್ನು ಅವರು ಒಂದು ಮಧ್ಯಾಹ್ನವಿಡೀ ಹೇಳಿದ್ದರು. ನಾನು ಚಪ್ಪಾಳೆ, ಸನ್ಮಾನ, ಶಾಲುಗಳನ್ನು ಬರೆದೆ. ಬಹಳ ಜನ ಮೆಚ್ಚಿದರು. ಅವರು ಮಾತ್ರ ಮೊಮ್ಮಗನಿಂದ ಓದಿಸಿಕೊಂಡು, ‘ಇದರಲ್ಲಿ ನಾನು ಒಂದು ಹೊತ್ತೂ ಊಟ ಮಾಡಿಲ್ಲವಲ್ಲ’ ಎಂದರಂತೆ. ತಿದ್ದಿ ಬರೆಯೋಣವೆಂದುಕೊಂಡೆ. ಅಷ್ಟರಲ್ಲಿ ಅವರು ತೀರಿಕೊಂಡರು. ಆ ಲೇಖನಕ್ಕೆ ಬಹುಮಾನ ಬಂತು. ಫಲಕ ಅಟ್ಟದ ಮೇಲಿದೆ.

1962ರಲ್ಲಿ ಲೂಸಿಲ್ ಗಂಡನ ಪಾಲನ್ನೂ ಕೊಂಡು ದೆಸಿಲು ಸ್ಟುಡಿಯೊದ ಒಡತಿಯಾದ ಭಾಗ ಚೆನ್ನಾಗಿದೆ, ಮುಟ್ಟಬೇಡ. ಆದರೆ 1986 ಎಲ್ಲಿ? ಎಪ್ಪತ್ತೈದರ ಹರೆಯದಲ್ಲಿ ‘ಲೈಫ್ ವಿತ್ ಲೂಸಿ’ ಎಂದು ಮತ್ತೆ ಬಂದಳು. ಎಂಟು ಕಂತು ಪ್ರಸಾರವಾಗುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಪ್ರೀತಿಯಿಂದ ಬಿಟ್ಟಿದ್ದೀಯ, ಗೊತ್ತು. ನಾನೂ ಹಾಗೆಯೇ ಬಿಟ್ಟಿದ್ದೆ.

ಹೂವಿನಂಗಡಿಯಿಂದ ಶುರು ಮಾಡಿ, ಯುಗಾದಿಯೊಳಗೆ ಮತ್ತೆ ಕಳಿಸು. ಇನ್ನು ಬರೆಯುವುದಿಲ್ಲ ಎಂಬ ಆ ಚೀಟಿಯನ್ನು ಒಲೆಗೆ ಹಾಕಿದ್ದೇನೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಕ್ಕ