ಬೆಣ್ಣೆ ಅಂಚಿನವರೆಗೂ ಇರಲಿ: ಮಗಳಿಗೊಂದು ಪತ್ರ

ಹಾಸನ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು "ಸ್ಯಾಂಡ್‌ವಿಚ್ ಬಗ್ಗೆ ನೀವು ಹೇಳುವುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕಳಿಸಿ, ಓದಿಕೊಂಡು ಉತ್ತರ ಕೊಡುತ್ತೇನೆ" ಎಂದೆಯಲ್ಲ, ಅದನ್ನು ನಾನು ನಿಜವಾದ ಕೋರಿಕೆಯೆಂದೇ ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಉಪ್ಪಿಟ್ಟು ಉದುರಾಗಿರಬೇಕೋ ಮೆತ್ತಗಿರಬೇಕೋ ಎಂಬ ಚರ್ಚೆ ಎಂದೋ ಮುಗಿದಿದೆ. ಅಕ್ಕಿರೊಟ್ಟಿಯ ವಿಷಯದಲ್ಲಂತೂ ಎರಡು ಮಾತೇ ಇಲ್ಲ. ಸ್ಯಾಂಡ್‌ವಿಚ್ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅಜ್ಜಿಯದು ಒಂದು ಮತ, ಅಮ್ಮನದು ಇನ್ನೊಂದು, ನಿನ್ನ ತಮ್ಮನದು ಮತ್ತೊಂದು. ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯರಿಂದ ನೀನು ಕಲಿತು ಬಂದ ಮುಂಬೈ ರೀತಿಯದು ಸೇರಿಕೊಂಡ ಮೇಲೆ ಭಾನುವಾರದ ಬೆಳಗಿನ ತಿಂಡಿ ಹತ್ತು ಗಂಟೆಗೆ ಮೊದಲು ಮುಗಿದದ್ದೇ ಇಲ್ಲ. ನನ್ನ ನಿಲುವು ಸರಳವಾದದ್ದು. ಸ್ಯಾಂಡ್‌ವಿಚ್ ಮಾಡುವವರ ಮುಖ್ಯ ಕೆಲಸ ನೀರನ್ನು ಬ್ರೆಡ್ಡಿನಿಂದ ದೂರ ಇಡುವುದು. ಬೆಣ್ಣೆ ಎಷ್ಟು, ಉಪ್ಪು ಯಾವಾಗ, ಕಾವಲಿಯೋ ಯಂತ್ರವೋ ಎಂಬ ನಮ್ಮ ತಕರಾರುಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಮೊದಲು ಬ್ರೆಡ್ಡಿನ ಮಾತು. ಬೇಕರಿಯಲ್ಲಿ ಆಗತಾನೆ ಇಳಿಸಿದ ಬಿಸಿ ಬ್ರೆಡ್ಡನ್ನು ಕತ್ತರಿಸಿಕೊಡಿ ಎಂದು ನೀನು ಅಂಗಡಿಯವರನ್ನು ಒತ್ತಾಯಿಸುತ್ತಿದ್ದೆ. ಅವರು "ಆರಲಿ ತಾಯಿ" ಎನ್ನುತ್ತಿದ್ದುದಕ್ಕೆ ತಕ್ಕ ಕಾರಣವಿದೆ. ಒಳಗಿನ ಹಬೆ ಹೊರಟು ತಿರುಳು ಗಟ್ಟಿಯಾಗುವ ಮುನ್ನ ಚಾಕು ತಾಗಿದರೆ ಹೋಳು ಜಗ್ಗಿಕೊಂಡು ಮುದ್ದೆಯಾಗುತ್ತದೆ. ಆದ್ದರಿಂದ ಸಂಜೆ ಇಡೀ ಬ್ರೆಡ್ಡನ್ನೇ ತಂದು ಮರುದಿನ ಬೆಳಿಗ್ಗೆ ಹಲ್ಲಿನ ಚಾಕುವಿನಿಂದ ಕೊಯ್ಯುವುದು ನನ್ನ ರೂಢಿ. ನಿನ್ನ ತಮ್ಮನಿಗೆ ಯಂತ್ರದ ತೆಳು ಹೋಳುಗಳೇ ಆಗಬೇಕು. ಅಮೆರಿಕದ ಓಟೋ ರೋವೆಡರ್ ಎಂಬಾತ ರೂಪಿಸಿದ ಯಂತ್ರದಲ್ಲಿ ಕೊಯ್ದ ಬ್ರೆಡ್ ಮಿಸೌರಿ ರಾಜ್ಯದ ಚಿಲಿಕೋಥೆ ಎಂಬ ಊರಿನಲ್ಲಿ 1928ರ ಜುಲೈ 7ರಂದು ಮಾರಾಟಕ್ಕೆ ಬಂದಿತೆಂದೂ, ಅಲ್ಲಿಂದ ಮುಂದೆ ಜಗತ್ತೇ ಆ ಅಳತೆಯನ್ನು ಒಪ್ಪಿಕೊಂಡಿತೆಂದೂ ಅವನು ವಾದಿಸುತ್ತಾನೆ. ಟೋಸ್ಟರಿನ ಸಂದಿಯೊಳಗೆ ಇಳಿಸುವುದಕ್ಕೆ ಆ ಹೋಳು ಅನುಕೂಲವೆಂಬುದು ನಿಜ. ಆದರೆ ಪಲ್ಯದ ಭಾರ ಹೊರಬೇಕಾದ ಬ್ರೆಡ್ ಕಿರುಬೆರಳಿನಷ್ಟಾದರೂ ದಪ್ಪ ಇರಬೇಕು. ತೆಳು ಹೋಳು ಎರಡನೆಯ ತುತ್ತಿಗೇ ಸೋತು ಪಲ್ಯವೆಲ್ಲ ತಟ್ಟೆಗೆ ಬೀಳುತ್ತದೆ.

ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡುವ ವಿಷಯದಲ್ಲಿ ನಿನ್ನ ಅಮ್ಮನಿಗೂ ನನಗೂ ಇರುವ ಭಿನ್ನಾಭಿಪ್ರಾಯ ನಿನಗೆ ತಿಳಿದದ್ದೇ. ಬ್ರೆಡ್ ಹಳಸಲಾಗುವುದು ಒಣಗಿದ್ದರಿಂದ ಮಾತ್ರ ಎಂದು ಎಲ್ಲರೂ ತಿಳಿಯುತ್ತಾರೆ. ವಾಸ್ತವದಲ್ಲಿ, ಬೇಯುವಾಗ ನೀರು ಹೀರಿ ಸಡಿಲವಾಗಿದ್ದ ಹಿಟ್ಟಿನ ಪಿಷ್ಟ ಆರಿದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ, ತಿರುಳು ಒರಟಾಗುವುದು ಅದರಿಂದ. ಫ್ರಿಜ್ಜಿನ ತಂಪಿನಲ್ಲಿ ಈ ಬಿಗಿತ ಹೊರಗಿಗಿಂತ ಬೇಗ ನಡೆಯುತ್ತದೆ. ನಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ತಂಪು ಊರು, ಇಲ್ಲಿ ಎರಡು ದಿನ ಬ್ರೆಡ್ ಡಬ್ಬಿಯಲ್ಲಿಯೇ ಚೆನ್ನಾಗಿರುತ್ತದೆ. ಆದರೆ ಆಷಾಢದ ಜಡಿಮಳೆಯಲ್ಲಿ ಎರಡನೆಯ ದಿನಕ್ಕೇ ಹಸಿರು ಬೂಷ್ಟು ಹಿಡಿಯುತ್ತದೆಂಬ ಅಮ್ಮನ ಮಾತೂ ಅಷ್ಟೇ ಸತ್ಯ. ಇನ್ನೊಂದು ಸಂಗತಿ ಅವಳ ಪರವಾಗಿಯೇ ಇದೆ: ಬಿಗಿದುಕೊಂಡ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮತ್ತೆ ಸಡಿಲವಾಗುತ್ತದೆ. ಆದ್ದರಿಂದ ಕಾವಲಿಯ ಮೇಲೆ ಸುಡುವ ಸ್ಯಾಂಡ್‌ವಿಚ್ಚಿಗೆ ಫ್ರಿಜ್ಜಿನ ಬ್ರೆಡ್ಡಿನಿಂದ ಬಾಧಕವಿಲ್ಲ. ನೀನು ಮಾಡುವಂತೆ ಸುಡದೆ ತಿನ್ನುವ ಚಟ್ನಿ ಸ್ಯಾಂಡ್‌ವಿಚ್ಚಿಗೆ ಅದನ್ನು ಬಳಸಲೇಬಾರದು.

ಅಜ್ಜಿಯ ಮತವನ್ನು ನೀನು ನಕ್ಕು ಬಿಟ್ಟುಬಿಡುತ್ತೀ, ಅದು ನನಗೆ ಸರಿಕಾಣುವುದಿಲ್ಲ. ಪಲ್ಯದ ಮೇಲೆ ಇನ್ನೊಂದು ಬ್ರೆಡ್ ಮುಚ್ಚುವುದೇ ಬೇಡ, ಒಂದೇ ಹೋಳನ್ನು ಬೆಣ್ಣೆಯಲ್ಲಿ ಸುಟ್ಟು ಮೇಲೆ ಪಲ್ಯ ಹರಡಿ ಕೊಟ್ಟರೆ ಕಣ್ಣಿಗೂ ಕಾಣುತ್ತದೆ, ನಾಲಿಗೆಗೂ ತಿಳಿಯುತ್ತದೆ ಎನ್ನುವುದು ಅವರ ವಾದ. ಅದು ಅಯ್ಯಂಗಾರ್ ಬೇಕರಿಯ ಖಾರಾ ಟೋಸ್ಟಿನ ಕ್ರಮ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಬಿ.ಬಿ. ಬೇಕರಿಯನ್ನು ಆರಂಭಿಸಿದರು, ಮುಂದೆ ಊರೂರಿನ ರಸ್ತೆಯ ತಿರುವುಗಳಲ್ಲಿ ಅಯ್ಯಂಗಾರ್ ಬೇಕರಿ ಎಂಬ ಫಲಕ ತೂಗುಹಾಕಿದ ಎಷ್ಟೋ ಕುಟುಂಬಗಳು ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಿಂದಲೇ ಹೋದವು. ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿಯನ್ನು ಕಾವಲಿಯ ಮೇಲೆಯೇ ಬಾಡಿಸಿ, ಅದೇ ಬೆಣ್ಣೆಯಲ್ಲಿ ಬ್ರೆಡ್ ಹೊರಳಿಸಿ, ಕಾಗದದ ತುಂಡಿನಲ್ಲಿಟ್ಟು ಕೊಡುವ ಆ ಟೋಸ್ಟಿನಲ್ಲಿ ತರಕಾರಿಯ ನೀರು ಮೇಲಿನಿಂದ ಆವಿಯಾಗಿ ಹೋಗುತ್ತದೆ, ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಬಿಸಿಯಾಗಿ ನಿಂತಲ್ಲೇ ತಿನ್ನುವುದಕ್ಕೆ ಅಜ್ಜಿಯ ಕ್ರಮವೇ ಶ್ರೇಷ್ಠ ಎಂದು ನಾನು ಹೇಳುತ್ತೇನೆ. ಆದರೆ ಅದನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಲು ಬರುವುದಿಲ್ಲ, ಮತ್ತು ನಮ್ಮ ಮನೆಯ ಸ್ಯಾಂಡ್‌ವಿಚ್ ಬಹುಪಾಲು ಡಬ್ಬಿಗೆ ಹೋಗುವಂಥದ್ದು.

ಈಗ ಬೆಣ್ಣೆ. ಇದೊಂದರಲ್ಲಿ ನಾನು ಯಾರಿಗೂ ಜಗ್ಗುವುದಿಲ್ಲ. ನೀನು ಹೋಳಿನ ನಡುವೆ ಒಂದು ಚಮಚ ಬೆಣ್ಣೆ ಇಟ್ಟು, ಚಾಕುವಿನಿಂದ ಎರಡು ಸಲ ಎಳೆದು, ಅಂಚಿನ ಸುತ್ತ ಬೆರಳಗಲ ಬಿಳಿಯ ಜಾಗ ಹಾಗೇ ಬಿಡುತ್ತೀ. ಚಟ್ನಿ ಮೊದಲು ಇಳಿಯುವುದು ಆ ಬಿಳಿಯ ಜಾಗಕ್ಕೇ. ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಕೊಬ್ಬು. ಅದು ಬ್ರೆಡ್ಡಿನ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿ ನೀರನ್ನು ಮೇಲೆಯೇ ತಡೆಯುತ್ತದೆ. ಸಕಲೇಶಪುರದ ಕಡೆ ಗದ್ದೆ ನಾಟಿಯ ಕಾಲದಲ್ಲಿ ಹೆಂಗಸರು ಮಳೆ ತಡೆಯಲು ತಲೆಯಿಂದ ಸೊಂಟದವರೆಗೆ ಗೊರಬು ಹೊದ್ದು ಬಗ್ಗಿರುತ್ತಿದ್ದರಲ್ಲ, ಬ್ರೆಡ್ಡಿಗೆ ಬೆಣ್ಣೆ ಅಂಥದ್ದೇ ಗೊರಬು. ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆ ಅಂಚಿನವರೆಗೆ ಹೋಗುವುದಿಲ್ಲ, ತಿರುಳನ್ನೇ ಕಿತ್ತುಕೊಂಡು ಬರುತ್ತದೆ. ಅರ್ಧ ಗಂಟೆ ಮೊದಲೇ ಹೊರಗಿಟ್ಟಿರಬೇಕು. ಕರಗಿಸಿ ಸುರಿಯುವುದೂ ಬೇಡ, ಕರಗಿದ್ದು ಬ್ರೆಡ್ಡಿನೊಳಗೆ ಇಳಿದುಹೋಗಿ ಮೇಲೆ ಪದರವೇ ಉಳಿಯುವುದಿಲ್ಲ. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆದುವಾದ ಬೆಣ್ಣೆಯನ್ನು ಎರಡೂ ಹೋಳುಗಳ ಒಳಮೈಗೆ, ನಾಲ್ಕೂ ಮೂಲೆಗೆ, ತೆಳುವಾಗಿ ಬಳಿಯಬೇಕು.

ಚಟ್ನಿಯಲ್ಲಿ ನಿನ್ನ ರುಚಿ ನನಗಿಂತ ಚೆನ್ನಾಗಿದೆ. ಪುದೀನಕ್ಕಿಂತ ಕೊತ್ತಂಬರಿ ಎರಡು ಪಾಲು ಹೆಚ್ಚು ಹಾಕಿ, ಶುಂಠಿಯ ಸಣ್ಣ ಚೂರು ಸೇರಿಸಿ ನೀನು ರುಬ್ಬುವ ಹದ ನಮಗೆ ಯಾರಿಗೂ ಬರಲಿಲ್ಲ. ತೊಂದರೆ ಇರುವುದು ರುಬ್ಬುವಾಗ ಸುರಿಯುವ ನೀರಿನಲ್ಲಿ. ದೋಸೆಗೆ ಹಚ್ಚುವ ಕೆಂಪು ಚಟ್ನಿಯನ್ನು ಅಜ್ಜಿ ಹೇಗೆ ಹುರಿಗಡಲೆ ಹಾಕಿ ಗಟ್ಟಿ ಮಾಡುತ್ತಾರೋ ಹಾಗೆ ಇದಕ್ಕೂ ಒಂದು ಹಿಡಿ ಹುರಿಗಡಲೆ ಹಾಕು. ಅದು ನೀರನ್ನು ಹೀರಿಕೊಂಡು ಚಟ್ನಿಯನ್ನು ಬಳಿಯುವ ಹದಕ್ಕೆ ತರುತ್ತದೆ. ನೀರಿನ ಬದಲು ಎರಡು ಮಂಜುಗಡ್ಡೆಯ ತುಂಡು ಹಾಕಿದರೆ ಮಿಕ್ಸಿಯ ಬಿಸಿಗೆ ಸೊಪ್ಪು ಕಂದುವುದೂ ತಪ್ಪುತ್ತದೆ. ನಿಂಬೆಹುಳಿಯನ್ನು ಬಳಿಯುವ ಹೊತ್ತಿಗೆ ಹಿಂಡಿಕೊಂಡರೆ ಸಾಕು, ಏಕೆಂದರೆ ಹುಳಿಯಲ್ಲಿ ಬಹಳ ಹೊತ್ತು ನಿಂತ ಹಸಿರು ಬಣ್ಣ ಮಾಸುತ್ತದೆ.

ಸೌತೆಕಾಯಿ ಮತ್ತು ಟೊಮೆಟೊ ನಿನ್ನ ಪಕ್ಷದವು. ಎರಡರಲ್ಲೂ ನೂರಕ್ಕೆ ಸುಮಾರು 95 ಪಾಲು ನೀರೇ ಇರುವುದರಿಂದ ಇವುಗಳೊಡನೆ ಎಚ್ಚರ ಬೇಕು. ಕಳೆದ ಬಾರಿ ಹಾಸನಾಂಬೆಯ ದರ್ಶನಕ್ಕೆ ನಾವೆಲ್ಲ ಹೋದದ್ದನ್ನು ನೆನಪಿಸಿಕೋ. ಆಶ್ವಯುಜದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಗುಡಿಯ ಬಾಗಿಲು ತೆರೆದರೆ ಬಲಿಪಾಡ್ಯಮಿಯ ಆಚೆಗೆ ಮತ್ತೆ ಒಂದು ವರ್ಷ ದರ್ಶನವಿಲ್ಲ, ಹಾಗಾಗಿ ನಾಡಿನ ಎಲ್ಲ ಕಡೆಯ ಜನ ಸಾಲಿನಲ್ಲಿ ನಿಂತಿರುತ್ತಾರೆ. ನೀನು ಬೆಳಿಗ್ಗೆಯೇ ಎದ್ದು ಎಲ್ಲರಿಗೂ ಸ್ಯಾಂಡ್‌ವಿಚ್ ಕಟ್ಟಿದ್ದೆ, ಆ ಶ್ರದ್ಧೆ ನನಗೆ ಬಹಳ ಹಿಡಿಸಿತ್ತು. ಸಾಲು ಅರ್ಧ ಸರಿಯುವ ಹೊತ್ತಿಗೆ ಡಬ್ಬಿ ತೆರೆದಾಗ ಕೆಳಗಿನ ಹೋಳು ಗುಲಾಬಿ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟಿಕೊಂಡಿತು. ಮುಂದೆ ನಿಂತಿದ್ದ ಅರಸೀಕೆರೆಯ ತಾಯಿಯೊಬ್ಬರು ತಮ್ಮ ಬುತ್ತಿಯ ಚಿತ್ರಾನ್ನವನ್ನು ನಮ್ಮ ಕಡೆಗೆ ಚಾಚಿದರು. ಉಪ್ಪು ತಾಗಿದ ಕೂಡಲೇ ತರಕಾರಿ ತನ್ನ ನೀರನ್ನು ಬಿಡಲು ಶುರುಮಾಡುತ್ತದೆ. ನೀನು ಉಪ್ಪು, ಚಾಟ್ ಮಸಾಲೆ ಉದುರಿಸಿ ಮುಚ್ಚಿದ್ದರಿಂದ ಆ ನೀರೆಲ್ಲ ಬ್ರೆಡ್ಡಿಗೇ ಹೋಯಿತು. ಹೋಳುಗಳಿಗೆ ಮೊದಲೇ ಉಪ್ಪು ಸವರಿ, ಕಾಲು ಗಂಟೆ ಜರಡಿಯಲ್ಲಿಟ್ಟು, ಶುಭ್ರವಾದ ಬಟ್ಟೆಯಲ್ಲಿ ಒತ್ತಿ ತೆಗೆದರೆ ಆ ನೀರು ಅಲ್ಲೇ ಹೋಗುತ್ತದೆ, ಸೌತೆಯ ಗರಿಯೂ ಉಳಿಯುತ್ತದೆ. ಟೊಮೆಟೊಗೆ ಈ ಉಪಾಯ ಅಷ್ಟು ಸಾಲದು. ಅದರ ಬೀಜದ ಲೋಳೆಯನ್ನು ಪೂರ್ತಿ ತೆಗೆದು ತಿರುಳನ್ನು ಮಾತ್ರ ಇಡಬೇಕು. ಬೀಟ್‌ರೂಟನ್ನು ನೀನು ಬೇಯಿಸಿಯೇ ಹಾಕುತ್ತೀ, ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ.

ಆಲೂಗಡ್ಡೆಯ ಪರವಾಗಿ ಮಾತಾಡುವುದು ಹಾಸನದವನಾಗಿ ನನ್ನ ಕರ್ತವ್ಯ. ಮುಂಗಾರು ಬೀಳುತ್ತಿದ್ದಂತೆ ಜಲಂಧರದಿಂದ ಬಂದ ಬಿತ್ತನೆಗಡ್ಡೆಗೆ ನಮ್ಮ ಎ.ಪಿ.ಎಂ.ಸಿ. ಅಂಗಳದಲ್ಲಿ ರೈತರು ಸೇರುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಅಂಗಮಾರಿ ರೋಗಕ್ಕೆ ಬೇಸತ್ತು ಎಷ್ಟೋ ಮಂದಿ ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರೂ ಕುಫ್ರಿ ಜ್ಯೋತಿ ಎಂಬ ಆಲೂಗಡ್ಡೆ ತಳಿಯನ್ನು ಬಿಡದೆ ಬೆಳೆಯುವವರು ಇನ್ನೂ ಇದ್ದಾರೆ. ನೀನು ಬೆಂದ ಆಲೂಗಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಜೋಡಿಸುತ್ತೀ. ಅಮ್ಮ ಮಸಾಲೆದೋಸೆಯ ಪಲ್ಯದ ಹಾಗೆ ಸಾಸಿವೆ, ಅರಿಸಿನ ಹಾಕಿ ಮಾಡುತ್ತಾಳೆ. ನನ್ನ ಒಲವು ಅಮ್ಮನ ಕಡೆಗೆ, ಆದರೆ ಆ ಪಲ್ಯಕ್ಕೆ ದೋಸೆಗೆ ಹಾಕುವಂತೆ ನೀರು ಚಿಮುಕಿಸಬಾರದು. ಭಾದ್ರಪದದ ಹೊತ್ತಿಗೆ ಬರುವ ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಹಿಸುಕಿದರೆ ಅಂಟಾಗುತ್ತದೆ. ಕೆಲವು ವಾರ ಇಟ್ಟು ಮಾಗಿದ ಗಡ್ಡೆ ಉದುರಾಗಿ ಬರುತ್ತದೆ. ಬೇಯಿಸಿದ ಮೇಲೆ ಸಿಪ್ಪೆ ಸುಲಿದು ಬಿಸಿ ಬಾಣಲೆಯಲ್ಲಿ ಎರಡು ನಿಮಿಷ ಒಣಗಿಸಿದರೆ ಹೊಸ ಗಡ್ಡೆಯೂ ದಾರಿಗೆ ಬರುತ್ತದೆ. ಪಲ್ಯ ಪೂರ್ತಿ ಆರಿದ ನಂತರವೇ ಬ್ರೆಡ್ಡಿಗೆ ಹೋಗಬೇಕು, ಏಕೆಂದರೆ ಬಿಸಿ ಪಲ್ಯ ಬೆಣ್ಣೆಯನ್ನೂ ಕರಗಿಸುತ್ತದೆ, ತನ್ನ ಹಬೆಯಿಂದ ಬ್ರೆಡ್ಡನ್ನೂ ನೆನೆಸುತ್ತದೆ.

ಸ್ಯಾಂಡ್‌ವಿಚ್ ಎಂದರೆ ತಣ್ಣಗೇ ಇರಬೇಕು ಎಂದು ನಿನ್ನ ತಮ್ಮ ಚರಿತ್ರೆ ತೆಗೆಯುತ್ತಾನೆ. ಇಂಗ್ಲೆಂಡಿನ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ 1762ರ ನವೆಂಬರ್ 24ರಂದು ಲಂಡನ್ನಿನ ಕೋಕೋ ಟ್ರೀ ಎಂಬ ಕ್ಲಬ್ಬಿನಲ್ಲಿ ಗಣ್ಯರು ತಣ್ಣನೆಯ ಮಾಂಸವನ್ನೋ ಸ್ಯಾಂಡ್‌ವಿಚ್ಚನ್ನೋ ತಿನ್ನುತ್ತಿದ್ದುದನ್ನು ಬರೆದಿರುವುದು ನಿಜವೇ. ಅದು ಲಂಡನ್ನಿನ ರಾತ್ರಿಯ ಊಟ. ನಮ್ಮದು ಹಾಸನದ ಚಳಿಯ ಬೆಳಗಿನ ತಿಂಡಿ, ಅದು ಬಿಸಿಯಾಗಿಯೇ ಇರಲಿ.

ಹಾಗಾದರೆ ಯಾವುದರಲ್ಲಿ ಬಿಸಿ ಮಾಡಬೇಕು? ಅಟ್ಟದ ಮೇಲಿರುವ ಉದ್ದ ಹಿಡಿಯ ಅಲ್ಯೂಮಿನಿಯಂ ಟೋಸ್ಟರನ್ನು ನೀನು ಮರೆತಿರಲಾರೆ. ಅದರ ಎರಡು ದಳಗಳ ನಡುವೆ ಬ್ರೆಡ್ ಇಟ್ಟು, ಕೊಂಡಿ ಬಿಗಿದು, ಹೊರಗೆ ಇಣುಕಿದ ಅಂಚನ್ನು ಬೆರಳಿನಿಂದ ಮುರಿದು ತೆಗೆದು, ಗ್ಯಾಸಿನ ಉರಿಯ ಮೇಲೆ ತಿರುಗಿಸುತ್ತಿದ್ದೆವು. ಮುರಿದ ಅಂಚಿಗಾಗಿ ನೀವಿಬ್ಬರೂ ಅಡುಗೆಮನೆಯ ಕಟ್ಟೆಗೆ ಆತುಕೊಂಡು ಕಾಯುತ್ತಿದ್ದಿರಿ. ಅದರಲ್ಲಿಯೂ ಈಗಿನ ವಿದ್ಯುತ್ ಯಂತ್ರದಲ್ಲಿಯೂ ಇರುವ ಕೊರತೆ ಒಂದೇ, ಅಂಚು ಮುಚ್ಚಿಕೊಂಡು ಹಬೆ ಒಳಗೇ ಉಳಿಯುತ್ತದೆ. ಬ್ರೆಡ್ಡಿನ ಮೈ ಕೆಂಪಗಾಗಬೇಕಾದರೆ ಅದರ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು. ಹಸಿ ಆರುವವರೆಗೆ ಅದು 100ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಕಬ್ಬಿಣದ ಕಾವಲಿಯ ಮೇಲೆ ನಡುಮಟ್ಟದ ಉರಿಯಲ್ಲಿ, ಮುಚ್ಚಳ ಮುಚ್ಚದೆ, ಚಪ್ಪಟೆ ಸೌಟಿನಿಂದ ಮೆಲ್ಲಗೆ ಒತ್ತುತ್ತಾ ಸುಟ್ಟರೆ ಹಬೆ ನಾಲ್ಕೂ ಕಡೆಯಿಂದ ಹೊರಟು ಮೈಯೆಲ್ಲ ಒಂದೇ ಸಮನೆ ಹೊಂಬಣ್ಣಕ್ಕೆ ಬರುತ್ತದೆ. ಸುಟ್ಟದ್ದನ್ನು ನೇರವಾಗಿ ತಟ್ಟೆಗೆ ಹಾಕಿದರೆ ಅಡಿ ಮತ್ತೆ ಬೆವರುತ್ತದೆ, ಆದ್ದರಿಂದ ಒಂದು ನಿಮಿಷ ಜಾಲರಿಯ ಮೇಲೆ ಇಡು. ಡಬ್ಬಿಗೆ ಕಟ್ಟುವಾಗಲೂ ಇದೇ ನಿಯಮ, ಪೂರ್ತಿ ಆರಿದ ಮೇಲೆಯೇ ಮುಚ್ಚಳ.

ಕತ್ತರಿಸುವ ವಿಷಯ ಉಳಿಯಿತು. ನೀನು ಆಯತ ಎನ್ನುತ್ತೀ, ನಾನು ತ್ರಿಕೋನ ಎನ್ನುತ್ತೇನೆ. ಹತ್ತು ಸೆಂಟಿಮೀಟರಿನ ಚೌಕ ಹೋಳನ್ನು ನಡುವೆ ನೇರ ಕೊಯ್ದರೆ ಪಲ್ಯ ಕಾಣುವ ಬದಿ ಹತ್ತು ಸೆಂಟಿಮೀಟರ್, ಮೂಲೆಯಿಂದ ಮೂಲೆಗೆ ಕೊಯ್ದರೆ ಹದಿನಾಲ್ಕು. ಗಟ್ಟಿ ಅಂಚಿಲ್ಲದ ಮೆತ್ತನೆಯ ತುತ್ತುಗಳು ಅಷ್ಟು ಹೆಚ್ಚಾಗುತ್ತವೆ. ಡಬ್ಬಿಯಲ್ಲಿ ಆಯತವೇ ಒಪ್ಪವಾಗಿ ಕೂರುತ್ತದೆಂದು ನೀನು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲವಾದ್ದರಿಂದ ಡಬ್ಬಿಗೆ ನಿನ್ನ ಕ್ರಮ, ತಟ್ಟೆಗೆ ನನ್ನದು ಎಂದು ಅಮ್ಮ ತೀರ್ಪು ಕೊಟ್ಟಿದ್ದಾಳೆ.

ಮೈಸೂರಿನಿಂದ ಬರುವಾಗ ಬ್ರೆಡ್ ತರಬೇಡ, ಇಲ್ಲೇ ಹಿಂದಿನ ಸಂಜೆ ತಂದಿಟ್ಟಿರುತ್ತೇನೆ. ಪುದೀನ ಮಾತ್ರ ದೇವರಾಜ ಮಾರುಕಟ್ಟೆಯಿಂದ ಒಂದು ಕಟ್ಟು ತಾ. ತಮ್ಮ ಈಚೆಗೆ ಕೆಚಪ್ ಬಿಟ್ಟು ಮೆಯೊನೀಸಿಗೆ ತಿರುಗಿದ್ದಾನೆ, ಅದು ಬೆಣ್ಣೆಯ ಜಾಗವನ್ನೇ ಕೇಳುತ್ತಿದೆ. ಆ ಭಾನುವಾರ ನೀನು ನನ್ನ ಪಕ್ಕಕ್ಕೆ ನಿಲ್ಲಬೇಕು.

ಇಂತಿ,
ನಿನ್ನ ಪ್ರೀತಿಯ ಅಪ್ಪ